ಐ ಅಂದವರು ಮಾಡಬೇಕು

ಒಂದು ತಪ್ಪೊಪ್ಪಿಗೆಯಿಂದಲೇ ಶುರು ಮಾಡುತ್ತೇನೆ. ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವನು. ಆದರೆ ಆ ಮೂವತ್ತೊಂದು ವರ್ಷಗಳಲ್ಲಿ ನನ್ನ ಬಗ್ಗೆ ನಾನೇ ಇಂಗ್ಲಿಷಿನಲ್ಲಿ ಒಂದೇ ಒಂದು ನಿಜವಾದ ವಾಕ್ಯ ಆಡಿದ್ದು ನೆನಪಿಲ್ಲ. ರಜಾ ಚೀಟಿಯಲ್ಲಿ 'ಐ ಆಮ್ ಸಫರಿಂಗ್ ಫ್ರಾಮ್ ಫೀವರ್' ಎಂದು ಬರೆದದ್ದುಂಟು, ಆದರೆ ಅದು ನಿಜವಲ್ಲ ಎಂಬುದು ನನಗೂ ಹೆಡ್‌ಮಾಸ್ತರರಿಗೂ ಇಬ್ಬರಿಗೂ ಗೊತ್ತಿತ್ತು. ಹಾಗಿದ್ದರೂ ನಿವೃತ್ತನಾಗಿ ಹಾನಗಲ್ಲಿನಲ್ಲಿ ಮನೆ ಮಾಡಿಕೊಂಡ ಮೇಲೆ ಓಣಿಯಲ್ಲೆಲ್ಲ ನಾನೇ ದೊಡ್ಡ ಇಂಗ್ಲಿಷ್ ಪಂಡಿತ. ಔಷಧದ ಶೀಸೆಯ ಮೇಲಿನ ಚೀಟಿಯಿಂದ ಹಿಡಿದು ಮಿಕ್ಸರ್ ಜೊತೆ ಬಂದ ಪುಸ್ತಕದ ತನಕ ಎಲ್ಲವೂ ನನ್ನ ಹತ್ತಿರವೇ ಬರುತ್ತಿದ್ದವು. ನಾನು ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು ಓದಿ ಅರ್ಥ ಹೇಳುತ್ತಿದ್ದೆ. ಅರ್ಥವಾಗದ ಕಡೆ ಇನ್ನೂ ಗಟ್ಟಿಯಾಗಿ ಓದುತ್ತಿದ್ದೆ.

ನನ್ನ ಖ್ಯಾತಿ ನಿಂತಿದ್ದು ಫ್ರೇಜಲ್ ವರ್ಬುಗಳ ಮೇಲೆ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ಇಂಗ್ಲಿಷಿನ ಕೆಲವು ಕ್ರಿಯಾಪದಗಳಿಗೆ ಬಾಲ ಇರುತ್ತದೆ. 'ಗೆಟ್' ಎಂಬುದು ಒಂದು ಸಾಧು ಪ್ರಾಣಿ. ಅದಕ್ಕೆ 'ಅಪ್' ಎಂಬ ಬಾಲ ಕಟ್ಟಿದರೆ ಹಾಸಿಗೆಯಿಂದ ಏಳುತ್ತದೆ, 'ಆಫ್' ಕಟ್ಟಿದರೆ ಬಸ್ಸಿನಿಂದ ಇಳಿಯುತ್ತದೆ, 'ಅಲಾಂಗ್' ಕಟ್ಟಿದರೆ ನೆರೆಮನೆಯವರ ಜೊತೆ ಹೊಂದಿಕೊಂಡು ಹೋಗುತ್ತದೆ, 'ಅವೇ' ಕಟ್ಟಿದರೆ ಕೈಗೆ ಸಿಗದೆ ಪಾರಾಗುತ್ತದೆ. ಇಂಥ ನೂರಾ ಇಪ್ಪತ್ತು ಪ್ರಾಣಿಗಳನ್ನು ಬಾಲಸಮೇತ ಹಿಡಿದು ಒಂದು ಪಟ್ಟಿ ಮಾಡಿದ್ದೆ. ಹಿರೇಕೆರೂರು, ಸವಣೂರು, ಶಿಗ್ಗಾವಿ ತಾಲೂಕಿನ ಹಿರೇಬೆಂಡಿಗೇರಿ, ಎಲ್ಲಿಗೆ ವರ್ಗವಾದರೂ ಆ ಪಟ್ಟಿ ನನ್ನ ಟ್ರಂಕಿನಲ್ಲಿ ಜೊತೆಗೆ ಬರುತ್ತಿತ್ತು. ಪ್ರತಿಯೊಂದಕ್ಕೂ ಕನ್ನಡ ಅರ್ಥ, ಒಂದು ಉದಾಹರಣೆ, ಐದು ಸಲ ಕಾಪಿ. ಉದಾಹರಣೆಯಲ್ಲಿ ಯಾವಾಗಲೂ ರಾಜು. ರಾಜು ಗೇವ್ ಅಪ್ ಸ್ಮೋಕಿಂಗ್. ರಾಜು ಪುಟ್ ಆಫ್ ದ ಮೀಟಿಂಗ್. ರಾಜು ಲುಕ್ಸ್ ಆಫ್ಟರ್ ಹಿಸ್ ಪೇರೆಂಟ್ಸ್. ಈ ಮೂರು ತಾಲೂಕುಗಳಲ್ಲಿ ನನ್ನ ರಾಜು ಸಿಗರೇಟು ಬಿಟ್ಟಷ್ಟು ಸಲ ಬೇರೆ ಯಾವ ಗಂಡಸೂ ಬಿಟ್ಟಿರಲಾರ.

ಪಟ್ಟಿಯ ಪ್ರಭಾವ ಸಣ್ಣದೆಂದು ತಿಳಿಯಬೇಡಿ. ಒಮ್ಮೆ ಸವಣೂರಿನಲ್ಲಿ ಬಸ್ಸು ಹತ್ತಿದರೆ ಕಂಡಕ್ಟರು ನನ್ನ ಹಳೆಯ ವಿದ್ಯಾರ್ಥಿ. ಟಿಕೆಟ್ ಹರಿಯುವುದನ್ನು ನಿಲ್ಲಿಸಿ ಕೈ ಮುಗಿದು, 'ಗೆಟ್ ಆನ್ ಅಂದ್ರ ಹತ್ತು, ಗೆಟ್ ಆಫ್ ಅಂದ್ರ ಇಳಿ, ಇನ್ನೂ ಬಾಯಾಗ ಐತ್ರಿ ಸರ' ಎಂದ. ನನಗೆ ಕಣ್ಣು ತುಂಬಿತು. ಮುಂದಿನ ಸ್ಟಾಪಿನಲ್ಲಿ ಬೇರೆ ಊರಿನ ಯಾರೋ ಒಬ್ಬರು ಅವನನ್ನು ಇಂಗ್ಲಿಷಿನಲ್ಲಿ ಏನೋ ಕೇಳಿದರು. ಅವನು ನನ್ನ ಕಡೆ ನೋಡಿದ, ನಾನು ಕಿಟಕಿಯ ಆಚೆಗಿನ ಗೋವಿನಜೋಳದ ಹೊಲ ನೋಡಿದೆ.

ಇನ್ನು ಮನೆಯವಳ ವಿಷಯಕ್ಕೆ ಬರುತ್ತೇನೆ. ನನ್ನ ಹೆಂಡತಿ ಗಿರಿಜಾ ಓಣಿಯ ಏಳೆಂಟು ಹೆಂಗಸರನ್ನು ಕೂಡಿಸಿಕೊಂಡು ಒಂದು ಸಂಘ ಕಟ್ಟಿ, ನಮ್ಮ ಹಿತ್ತಿಲಿನ ತಗಡಿನ ಚಪ್ಪರದ ಕೆಳಗೆ ಕಡಕ್ ರೊಟ್ಟಿ ಮಾಡುತ್ತಾಳೆ. ಬೆಳಗಿನ ನಾಲ್ಕಕ್ಕೆ ಒಲೆ ಹತ್ತುತ್ತದೆ. ಆ ರೊಟ್ಟಿ ಬಡಿಯುವ ಸದ್ದಿಗೆ ಓಣಿಯವರೆಲ್ಲ ಏಳುತ್ತಿದ್ದರು, ನನ್ನನ್ನು ಬಿಟ್ಟು. ಹೋದ ವರ್ಷ ಇವರ ರೊಟ್ಟಿ ನೋಡಲು ಹೊರರಾಜ್ಯದಿಂದ ಕೆಲವರು ಬಂದಿದ್ದರು. ಕನ್ನಡ ಬಾರದವರು. ಗಿರಿಜಾ ಎದ್ದು ನಿಂತು ಐದು ನಿಮಿಷ ಮಾತಾಡಿದಳು: ಹೇಗೆ ಶುರು ಮಾಡಿದರು, ಮೊದಲ ತಿಂಗಳು ರೊಟ್ಟಿ ಹೇಗೆ ಮುರಿದು ಪುಡಿಯಾದವು, ಮಳೆಗಾಲದಲ್ಲಿ ಮೆತ್ತಗಾಗದಂತೆ ಏನು ಮಾಡಿದರು, ಎಲ್ಲ. ಅದನ್ನು ಇಂಗ್ಲಿಷಿಗೆ ತಿರುಗಿಸುವ ಗೌರವ ಪಂಡಿತನಾದ ನನ್ನದು. ನಾನು ಎದ್ದು ನಿಂತೆ. ನೂರಾ ಇಪ್ಪತ್ತು ಪ್ರಾಣಿಗಳೂ ಬಾಲ ಮುದುರಿಕೊಂಡು ಓಡಿಹೋದವು. 'ಶೀ ಈಸ್ ವೆರಿ ಹ್ಯಾಪಿ' ಎಂದು ಹೇಳಿ ಕುಳಿತುಬಿಟ್ಟೆ. ಬಂದವರು ಚಪ್ಪಾಳೆ ತಟ್ಟಿದರು.

ಗಿರಿಜಾ ತಟ್ಟಲಿಲ್ಲ. ಅವರು ಹೋದ ಮೇಲೆ ಕೇಳಿದಳು: "ನಾ ಐದ್ ಮಿನಿಟು ಮಾತಾಡಿದ್ನಲ್ರಿ, ನೀವು ನಾಕ್ ಶಬ್ದ ಅಂದು ಕುಂತ್ರಿ. ಉಳಿದಿದ್ದು ಎಲ್ಲಿ ಹೋತು?"

ಇಂಗ್ಲಿಷ್ ಬಹಳ ಬಿಗಿಯಾದ ಭಾಷೆ, ಅದರಲ್ಲಿ ಹೆಚ್ಚು ಅರ್ಥ ಕಡಿಮೆ ಜಾಗದಲ್ಲಿ ಹಿಡಿಯುತ್ತದೆ ಎಂದು ಏನೋ ಹೇಳಿ ಪಾರಾದೆ. ಪಾರಾದೆ ಎಂದುಕೊಂಡೆ ಅಷ್ಟೆ. ಈ ವರ್ಷ ಇಂಥ ಸಂಘಗಳನ್ನು ನೋಡಲು ದಿಲ್ಲಿಯಿಂದ ಒಬ್ಬರು ಮೇಡಂ ಬರುತ್ತಾರೆ, ಬೆಳಗಿನಿಂದ ಸಂಜೆಯ ತನಕ ಏನೇನು ಮಾಡುತ್ತೀರೆಂದು ಸಂಘದವರ ಬಾಯಿಂದಲೇ ಕೇಳುತ್ತಾರೆ ಎಂಬ ಸುದ್ದಿ ಬಂದಾಗ ಗಿರಿಜಾ ಒಂದೇ ಮಾತಿಗೆ ತೀರ್ಮಾನ ಮಾಡಿದಳು. ತಾನೇ ಇಂಗ್ಲಿಷಿನಲ್ಲಿ ಮಾತಾಡುತ್ತಾಳೆ. ಇರುವುದು ಮೂರು ವಾರ. ಕಲಿಸಬೇಕಾದವನು ನಾನು.

ಸಂತೋಷದಿಂದಲೇ ಟ್ರಂಕು ತೆಗೆದು ಪಟ್ಟಿಯ ಧೂಳು ಕೊಡವಿದೆ. ಹೊಸ ನೋಟುಬುಕ್ಕು ಕೊಟ್ಟು, ಮೊದಲ ದಿನವೇ 'ರಾಜು ಗೆಟ್ಸ್ ಅಪ್ ಅರ್ಲಿ' ಎಂಬುದನ್ನು ಐದು ಸಲ ಬರೆಯಲು ಹೇಳಿದೆ. ಅವಳು ಒಂದು ಸಲ ಬರೆದು ಪೆನ್ನು ಇಟ್ಟಳು. "ಈ ರಾಜು ಯಾರ್ರಿ?" ಎಂದಳು. ಯಾರೂ ಅಲ್ಲ, ಉದಾಹರಣೆ ಎಂದೆ. "ಲಗೂನ ಏಳಾಕಿ ನಾನು. ಹೆಸರು ರಾಜೂಂದು ಯಾಕ? ನಾ ಮಾಡೂದನ್ನ ನಾನ ಹೇಳೂದು ಕಲಸ್ರಿ" ಎಂದಳು. ಜೊತೆಗೆ ಕುಳಿತಿದ್ದ ಫಕೀರವ್ವ, ಅಂದರೆ ಸಂಘದಲ್ಲಿ ಇವಳ ಬಲಗೈ, ರಾಜು ನನ್ನ ಹಳೆಯ ವಿದ್ಯಾರ್ಥಿ ಇದ್ದಿರಬೇಕು, ಪಾಪ, ಲಗೂನೆ ಏಳುವವನೆಂದರೆ ಒಳ್ಳೆಯ ಹುಡುಗನೇ ಎಂದು ಸಮಾಧಾನ ಹೇಳಿದಳು.

ಹೀಗೆ ಮೂವತ್ತೊಂದು ವರ್ಷ ದುಡಿದ ರಾಜು ಒಂದೇ ದಿನದಲ್ಲಿ ನಿವೃತ್ತನಾದ. ಅವನ ಜಾಗಕ್ಕೆ ಬಂದದ್ದು 'ಐ'. ಆಗಲೇ ನನಗೆ ಒಂದು ಸಂಗತಿ ಹೊಳೆದದ್ದು. ಇಂಗ್ಲಿಷಿನವರು ಈ ಬಾಲದ ಕ್ರಿಯಾಪದಗಳನ್ನು ಪಟ್ಟಿ ಮಾಡಿ ಇಡುವುದಿಲ್ಲ, ಅವುಗಳ ಮೇಲೆ ಕುಳಿತು ದಿನವೆಲ್ಲ ತಿರುಗಾಡುತ್ತಾರೆ. ಐ ಗಾಟ್ ಅಪ್, ಐ ಟೈಡಿಡ್ ಅಪ್, ಐ ರ‍್ಯಾನ್ ಔಟ್ ಆಫ್ ಮಿಲ್ಕ್, ಐ ಪಾಪ್ಡ್ ಔಟ್, ಐ ಕೇಮ್ ಬ್ಯಾಕ್. ಪ್ರತಿ ಕೆಲಸದ ಮುಂದೆಯೂ ಮಾಡಿದವರು ಎದೆ ಮುಂದೆ ಮಾಡಿಕೊಂಡು ನಿಂತಿರುತ್ತಾರೆ. ನಮ್ಮ ಮನೆಗಳಲ್ಲಿ ಹಾಗಿಲ್ಲ. 'ನೀರು ತುಂಬೈತಿ', 'ಕಸಾ ಹೋತು', 'ರೊಟ್ಟಿ ಆಗ್ಯಾವ, ಬರ್ರಿ'. ಮೂವತ್ತೈದು ವರ್ಷ ಈ ಮಾತು ಕೇಳಿ ಕೇಳಿ, ನಮ್ಮ ಮನೆಯಲ್ಲಿ ನೀರು ತಾನಾಗಿ ತುಂಬುತ್ತದೆ, ಕಸ ತಾನಾಗಿ ಎದ್ದು ಹೋಗುತ್ತದೆ, ರೊಟ್ಟಿ ಮಾವಿನಕಾಯಿಯ ಹಾಗೆ ಕಾಲಕ್ಕೆ ಸರಿಯಾಗಿ ಆಗುತ್ತದೆ ಎಂದು ನಾನು ನಂಬಿಕೊಂಡಿದ್ದೆ. ಇದನ್ನು ಗಿರಿಜೆಗೆ ಹೇಳಿದೆ, ದೊಡ್ಡ ಭಾಷಾಶಾಸ್ತ್ರದ ಸಂಶೋಧನೆ ಎಂಬ ಗತ್ತಿನಲ್ಲಿ. ಅವಳು, ಇಷ್ಟು ತಿಳಿಯಲು ನಿಮಗೆ ಇಂಗ್ಲಿಷೇ ಬೇಕಾಯಿತೇ ಎಂದು ಕೇಳಿದಳು.

ಎರಡನೆಯ ದಿನ ನನ್ನ ಗ್ರಹಚಾರ ಕೆಟ್ಟಿತು. ಕ್ಲೀನ್ ಎಂದರೆ ಸ್ವಚ್ಛ ಮಾಡು, ಕ್ಲೀನ್ ಅಪ್ ಎಂದರೆ ಪೂರ್ತಿ ಸ್ವಚ್ಛ ಮಾಡಿಬಿಡು ಎಂದು ವಿವರಿಸಿ, ಹುಮ್ಮಸ್ಸಿನಲ್ಲಿ ಉದಾಹರಣೆ ಕೊಟ್ಟೆ: 'ಐ ಕ್ಲೀನ್ ಅಪ್ ದ ಕಿಚನ್.' ಗಿರಿಜಾ ಅರ್ಥ ಕೇಳಿದಳು. ನಾನು ಅಡುಗೆಮನೆಯನ್ನು ಸ್ವಚ್ಛ ಮಾಡಿಬಿಡುತ್ತೇನೆ ಎಂದೆ. ಅವಳು ಹೌದಾ ಎಂದಳು. ಎದ್ದು ಒಳಗೆ ಹೋಗಿ, ಒಂದು ಅರಿವೆ ಚೂರು ತಂದು ನನ್ನ ತೊಡೆಯ ಮೇಲೆ ಇಟ್ಟಳು.

"ಇದು ಬರೇ ಉದಾಹರಣೆ" ಎಂದೆ.

"ಸುಳ್ಳ ಹೇಳಾಕ ನಾ ಇಂಗ್ಲೀಷ್ ಕಲಿಯಾಕತ್ತಿಲ್ಲರಿ. ರಾಜು ಅಂದ್ರ ರಾಜು ಮಾಡ್ತಾನ. ಐ ಅಂದ್ರ ಅಂದವರು ಮಾಡಬೇಕು."

ಈ ನಿಯಮ ನನ್ನ ಯಾವ ವ್ಯಾಕರಣ ಪುಸ್ತಕದಲ್ಲೂ ಇರಲಿಲ್ಲ. ಆದರೆ ಫಕೀರವ್ವ ತಕ್ಷಣ ಒಪ್ಪಿದಳು. ಒಂದರ ವಿರುದ್ಧ ಎರಡು ಮತಗಳಿಂದ ಮಸೂದೆ ಪಾಸಾಯಿತು. ನಾನು ಅಡುಗೆಮನೆಗೆ ಹೋದೆ. ಕಟ್ಟೆಯನ್ನು ಒರೆಸಿ ಹೊರಗೆ ಬಂದರೆ ಗಿರಿಜಾ ಒಳಗೆ ಹೋಗಿ ನೋಡಿ ಬಂದು, ಇದು ಬರೇ ಕ್ಲೀನ್ ಆಗಿದೆ, ಅಪ್ ಆಗಿಲ್ಲ ಎಂದಳು. ಅಪ್ ಎಲ್ಲಿದೆ ಎಂದು ಕೇಳಿದೆ. ಒಲೆಯ ಹಿಂದೆ, ಡಬ್ಬಿಗಳ ಕೆಳಗೆ, ಬಚ್ಚಲ ಮೂಲೆಯಲ್ಲಿ ಎಂದು ತೋರಿಸಿದಳು. ಮೂವತ್ತೊಂದು ವರ್ಷ ಕರಿಹಲಗೆಯ ಮೇಲೆ ಬರೆದ 'ಅಪ್' ಎಂಬ ಎರಡಕ್ಷರದ ಬಾಲಕ್ಕೆ ಎಷ್ಟು ಭಾರವಿದೆ ಎಂಬುದು ಅಂದು ಸಂಜೆ ನನ್ನ ಸೊಂಟಕ್ಕೆ ತಿಳಿಯಿತು.

ಆಮೇಲೆ ಸುರಿಮಳೆ. ಫಿಲ್ ಅಪ್ ಕಲಿಸಿದ ದಿನವೇ ನಳ ಬರುವ ದಿನವಾಗಿತ್ತು. ಬ್ಯಾರಲ್ಲು, ಹಂಡೆ, ಕೊಡ ಎಲ್ಲವನ್ನೂ ಅಪ್ ತನಕ ತುಂಬಿದೆ. ಪಿಕ್ ಅಪ್ ಕಲಿಸಿದೆ, ಗಿರಣಿಯಿಂದ ಜೋಳದ ಹಿಟ್ಟಿನ ಡಬ್ಬಿ ಹೊತ್ತು ತಂದೆ. ಟೇಕ್ ಔಟ್ ಎಂದು ಬಾಯಿ ತಪ್ಪಿ ಬಂದ ಬೆಳಿಗ್ಗೆಯೇ ಕಸದ ಗಾಡಿ ಹಾಡು ಹಾಕಿಕೊಂಡು ಓಣಿಗೆ ಬರಬೇಕೆ? ಎರಡೂ ಕೈಯಲ್ಲಿ ಬಕೆಟ್ ಹಿಡಿದು ಗಾಡಿಯ ಹಿಂದೆ ಓಡುವಾಗ ನನ್ನ ಚಪ್ಪಲಿ ಒಂದು ಕಡೆ, ಪಾಂಡಿತ್ಯ ಇನ್ನೊಂದು ಕಡೆ ಬಿತ್ತು. ಆ ಸುದ್ದಿ ಹಿರೇಕೆರೂರಿನಲ್ಲಿರುವ ಮಗಳಿಗೆ ಮಧ್ಯಾಹ್ನದೊಳಗೆ ಮುಟ್ಟಿತು. ಅವಳು ಫೋನು ಮಾಡಿ, ಮಾತಾಡಲಾಗದಷ್ಟು ನಕ್ಕು, ಫೋನು ಇಟ್ಟಳು.

ನಾನೇನು ಸುಮ್ಮನೆ ಶರಣಾಗುವವನಲ್ಲ. ಪಟ್ಟಿಯನ್ನು ಮೇಲಿನಿಂದ ಕೆಳಗಿನ ತನಕ ಶೋಧಿಸಿ, ಮೈಗೆ ಅಪಾಯವಿಲ್ಲದ ಕ್ರಿಯಾಪದಗಳನ್ನು ಆರಿಸಿ ಇಟ್ಟುಕೊಂಡೆ. ಐ ಸಿಟ್ ಡೌನ್. ಐ ಲೈ ಡೌನ್. ಐ ಡೋಜ್ ಆಫ್, ಅಂದರೆ ಕೂತಲ್ಲೇ ಜೊಂಪು ಹತ್ತುವುದು. ಇವನ್ನು ಒಂದರ ಹಿಂದೊಂದು ಹೇಳಿ ಗೆದ್ದವನಂತೆ ಆರಾಮ ಕುರ್ಚಿಗೆ ಒರಗಿದೆ. ಗಿರಿಜಾ ಇವೆಲ್ಲ ನಿಮಗೆ ಆಗಲೇ ಬಾಯಿಪಾಠವಾಗಿವೆ, ತಾಲೀಮು ಬೇಕಿಲ್ಲ, ಮುಂದಿನದು ಹೇಳಿರಿ ಎಂದಳು. ಬೇಸತ್ತು 'ಐ ಗಿವ್ ಅಪ್' ಎಂದುಬಿಟ್ಟೆ. ನನ್ನ ಅರ್ಥದಲ್ಲಿ ಸೋತೆ, ಕೈಬಿಟ್ಟೆ ಎಂದು. ಆದರೆ ಗಿವ್ ಅಪ್ ಎಂದರೆ ಬಿಟ್ಟುಬಿಡು ಎಂದು ಹಿಂದಿನ ದಿನ ನಾನೇ ಬರೆಸಿದ್ದೆ. ಏನನ್ನು ಬಿಟ್ಟಿರಿ ಎಂದು ಇಬ್ಬರೂ ಒಟ್ಟಿಗೆ ಕೇಳಿದರು. ಸಿಗರೇಟಾದರೂ ಸೇದುತ್ತಿದ್ದರೆ ಅದನ್ನೇ ಬಿಟ್ಟು ಪಾರಾಗಬಹುದಿತ್ತು. ಜೀವಮಾನದಲ್ಲಿ ಒಂದು ಸಿಗರೇಟು ಮುಟ್ಟಿದವನಲ್ಲ ನಾನು. ಕೊನೆಗೆ ಸಂಜೆಯ ಎರಡನೆಯ ಚಹಾ ಹೋಯಿತು. ರಾಜುವಿನಿಂದ ಮೂರು ತಾಲೂಕುಗಳಲ್ಲಿ ಬಿಡಿಸಿದ ಸಿಗರೇಟುಗಳ ಶಾಪ ಅದೆಂದು ಈಗಲೂ ನನ್ನ ನಂಬಿಕೆ.

ನನ್ನ ಗೋಳಿನ ನಡುವೆ ಗಿರಿಜಾ ಮಾತ್ರ ಕಲಿಯುತ್ತಿದ್ದಳು. ನೋಟುಬುಕ್ಕಿನಲ್ಲಿ ಅಲ್ಲ, ಒಲೆಯ ಮುಂದೆ. ರೊಟ್ಟಿ ಬಡಿಯುತ್ತ ಒಂದೊಂದು ಪೆಟ್ಟಿಗೆ ಒಂದೊಂದು ಶಬ್ದ: ಐ, ಗೆಟ್, ಅಪ್, ಆಟ್, ಫೋರ್. ರೊಟ್ಟಿ ಒಂದು ಸುತ್ತು ತಿರುಗುವಷ್ಟರಲ್ಲಿ ವಾಕ್ಯ ಮುಗಿಯುತ್ತಿತ್ತು. ನಮ್ಮಲ್ಲಿ ತಿಂದುಬಿಡು, ಕೊಟ್ಟುಬಿಡು, ಎದ್ದುಬಿಡು ಎನ್ನುವುದಿಲ್ಲವೇ, ಅವರ ಅಪ್ಪು ಆಫು ಅಂದರೆ ನಮ್ಮ 'ಬಿಡು' ಇದ್ದ ಹಾಗೆ ಎಂದು ಅವಳೇ ಫಕೀರವ್ವನಿಗೆ ವಿವರಿಸುತ್ತಿದ್ದುದನ್ನು ಬಾಗಿಲ ಮರೆಯಿಂದ ಕೇಳಿಸಿಕೊಂಡೆ. ಈ ಮಾತು ನನಗೆ ಇಪ್ಪತ್ತು ವರ್ಷದ ಹಿಂದೆ ಹೊಳೆದಿದ್ದರೆ ಹಿರೇಬೆಂಡಿಗೇರಿಯ ಎಷ್ಟೋ ಮಕ್ಕಳು ಪಾಸಾಗುತ್ತಿದ್ದರು.

ಆದರೆ ಮೇಡಂ ಬರಲು ಎರಡು ದಿನ ಇರುವಾಗ ಅವಳ ಧೈರ್ಯ ಕುಸಿಯಿತು. ವಾಕ್ಯಗಳು ಒಂದಕ್ಕೊಂದು ಸಿಕ್ಕಿಕೊಂಡವು. ಹೋಗಲಿ ಬಿಡು, ನಾನೇ ಹೇಳುತ್ತೇನೆ ಎಂದೆ. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಅವಳು ಕೈಯ ಹಿಟ್ಟು ಕೊಡವಿಕೊಂಡಳು.

"ನೀ ದಿನಾ ಏನ್ ಮಾಡ್ತಿ ಅಂತ ಇಷ್ಟು ವರ್ಷ ನನ್ನ ಯಾರೂ ಕೇಳಿಲ್ರಿ. ಈಗ ಕೇಳಾಕ ದಿಲ್ಲೀಂದ ಒಬ್ರು ಬರಾಕತ್ತಾರ. ನಾನ ಹೇಳ್ತೇನಿ. ತಪ್ಪಾದ್ರ ತಪ್ಪಾಗ್ಲಿ."

ನನಗೆ ನಾಚಿಕೆಯಾಯಿತು. ಕೇಳದೇ ಇದ್ದವರ ಯಾದಿಯಲ್ಲಿ ಮೊದಲ ಹೆಸರು ನನ್ನದೇ ಎಂಬುದು ಹೇಳದೆಯೂ ಗೊತ್ತಾಗುತ್ತಿತ್ತು. ಅಂದು ಸಂಜೆ ಯಾರೂ ಕೇಳದಿದ್ದರೂ, ಯಾವ ಉದಾಹರಣೆಯನ್ನೂ ಕೊಡದೆ, ರೊಟ್ಟಿ ಬೇಯಿಸುವ ಹಂಚುಗಳನ್ನು ತಿಕ್ಕಿ ಇಟ್ಟೆ.

ಮೇಡಂ ಬಂದ ದಿನ ಚಪ್ಪರದ ಕೆಳಗೆ ಇಡೀ ಓಣಿಯೇ ಸೇರಿತ್ತು. ಮೇಡಂ ತೆಳ್ಳಗಿನ, ನಗುಮುಖದ ಹೆಂಗಸು. ಶೇಂಗಾ ಚಟ್ನಿಯ ಜೊತೆ ಎರಡು ರೊಟ್ಟಿ ಆಗಲೇ ಮುರಿದು ತಿಂದಿದ್ದರು. ಗಿರಿಜಾ ಎದ್ದು ನಿಂತಳು. 'ಐ ಗೆಟ್ ಅಪ್ ಆಟ್ ಫೋರ್. ಐ ಕ್ಲೀನ್ ಅಪ್. ಐ ಫಿಲ್ ಅಪ್ ವಾಟರ್.' ಇಷ್ಟಾಗಿ ನಿಂತುಬಿಟ್ಟಳು. ಮುಂದೆ ಬರಲಿಲ್ಲ. ನಾನು ಅರ್ಧ ಎದ್ದೆ. ನನ್ನ ಬಾಯಲ್ಲಿ ಆ ನಾಲ್ಕು ಶಬ್ದಗಳು ತಯಾರಾಗಿ ನಿಂತಿದ್ದವು, ಸುಳ್ಳು ಯಾಕೆ ಹೇಳಲಿ. ಗಿರಿಜಾ ನನ್ನ ಕಡೆ ನೋಡಿ, ಕೂಡ್ರಿ ಎಂದು ಕಣ್ಣಲ್ಲೇ ಹೇಳಿದಳು. ಆಮೇಲೆ ಎರಡೂ ಅಂಗೈಯನ್ನು ಮುಂದೆ ಮಾಡಿ, ಇಲ್ಲದ ಹಿಟ್ಟನ್ನು ಗಾಳಿಯಲ್ಲೇ ಬಡಿಯತೊಡಗಿದಳು. ಟಪ್ ಎಂದರೆ ಒಂದು ಶಬ್ದ, ಟಪ್ ಎಂದರೆ ಇನ್ನೊಂದು. ಐ ರನ್ ಔಟ್ ಆಫ್ ಫ್ಲೌರ್. ಐ ಗೋ ಬ್ಯಾಕ್ ಟು ಮಿಲ್. ಇನ್ ರೇನ್, ರೊಟ್ಟಿ ಬ್ರೇಕ್. ಐ ಸ್ಟಾರ್ಟ್ ಓವರ್. ಐ ಡು ನಾಟ್ ಗಿವ್ ಅಪ್. ಕೊನೆಯ ಬಾಲ ಬಂದು ಕೂತಾಗ ಅಂಗೈಗಳು ನಿಂತವು. ವ್ಯಾಕರಣದ ಕೆಂಪು ಪೆನ್ನು ಹಿಡಿದು ಕುಳಿತರೆ ಒಂದೆರಡು ಗೆರೆ ಎಳೆಯಬಹುದಿತ್ತು. ಆದರೆ ನನ್ನ ಕಣ್ಣುಗಳು ಆಗ ಗೆರೆಗಳನ್ನು ಕಾಣುವ ಸ್ಥಿತಿಯಲ್ಲಿರಲಿಲ್ಲ. ನಾನು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದೆ, ಎಲ್ಲರಿಗಿಂತ ಕೊನೆಗೆ ನಿಲ್ಲಿಸಿದೆ.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಅಷ್ಟರಲ್ಲಿ ಮೇಡಂ ನನ್ನ ಕಡೆ ತಿರುಗಿ, ನೀವು ದಿನವೆಲ್ಲ ಏನು ಮಾಡುತ್ತೀರಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಹೋದ ವರ್ಷವಾಗಿದ್ದರೆ ಅಲ್ಲೇ ಕುಸಿಯುತ್ತಿದ್ದೆ. ಈ ಸಲ ನನ್ನ ಹತ್ತಿರ ಸ್ವಂತ ಸೊಂಟದಿಂದ ಕಲಿತ ವಾಕ್ಯಗಳಿದ್ದವು. 'ಐ ಕ್ಲೀನ್ ಅಪ್ ದ ಕಿಚನ್' ಎಂದೆ. ಮೇಡಂ ಹುಬ್ಬೇರಿಸಿದರು. 'ಐ ಪಿಕ್ ಅಪ್ ದ ಫ್ಲೌರ್. ಐ ಟೇಕ್ ಔಟ್ ದ ಗಾರ್ಬೇಜ್' ಎಂದೆ. ಹೆಂಗಸರೆಲ್ಲ ನನ್ನನ್ನೇ ನೋಡತೊಡಗಿದರು. ಜೀವನದಲ್ಲಿ ಮೊದಲ ಸಲ ಇಂಗ್ಲಿಷು ನನ್ನ ಬಾಯಿಂದ ಗಿರಣಿಯ ಹಿಟ್ಟಿನ ಹಾಗೆ ಬಿಸಿಬಿಸಿಯಾಗಿ ಸುರಿಯುತ್ತಿತ್ತು. ಇಂಥ ಹೊತ್ತಿನಲ್ಲಿ ನಿಲ್ಲಿಸುವುದು ಗೊತ್ತಿದ್ದರೆ ನಾನು ಮಾಸ್ತರನೇ ಆಗುತ್ತಿರಲಿಲ್ಲ. ಎದೆಯುಬ್ಬಿಸಿ ಇನ್ನೊಂದು ಸೇರಿಸಿದೆ: 'ಆಂಡ್ ಐ ಆಲ್ಸೊ ಗೆಟ್ ಅಪ್ ಆಟ್ ಫೋರ್.'

ಫಕೀರವ್ವ ಸೆರಗು ಬಾಯಿಗೆ ಹಿಡಿದಳು. ಮೇಡಂ ಬಹಳ ಮೆಚ್ಚಿ, ಇದು ನಿಜವೇ ಎಂದು ಗಿರಿಜೆಯನ್ನು ಕೇಳಿದರು. ಗಿರಿಜಾ ನನ್ನನ್ನು ಒಮ್ಮೆ ನೋಡಿ, ಮೇಡಂ ಕಡೆ ತಿರುಗಿ, ಶುದ್ಧವಾದ ಇಂಗ್ಲಿಷಿನಲ್ಲಿ, ಅಂಗೈ ಬಡಿಯುವ ಅಗತ್ಯವೂ ಇಲ್ಲದೆ ಹೇಳಿದಳು:

"ಯೆಸ್ ಮೇಡಂ. ಫ್ರಾಮ್ ಟುಮಾರೊ. ಹೀ ಈಸ್ ವೆರಿ ಹ್ಯಾಪಿ."

ಆ ಮಾತಿಗೆ ಈಗ ಎರಡು ತಿಂಗಳು. ಬೆಳಗಿನ ನಾಲ್ಕಕ್ಕೆ ಒಲೆ ತಾನಾಗಿ ಹತ್ತುವುದಿಲ್ಲ, ಅದನ್ನು ಹಚ್ಚುವವನು ನಾನೇ. ಓಣಿಯ ಗಂಡಸರು ನನ್ನ ಜೊತೆ ಮಾತು ಕಡಿಮೆ ಮಾಡಿದ್ದಾರೆ. ಅವರ ಮನೆಗಳಲ್ಲೂ ಹೆಂಗಸರು ಇಂಗ್ಲಿಷ್ ಕಲಿಯುವ ಮಾತಾಡುತ್ತಿದ್ದಾರಂತೆ. ಇದನ್ನು ಬರೆಯುತ್ತಿರುವುದು ಒಲೆ ಹಚ್ಚಿ, ನೀರು ಕಾಯುವ ತನಕ ಸಿಕ್ಕ ಬಿಡುವಿನಲ್ಲಿ, ಹಿಟ್ಟಿನ ಡಬ್ಬಿಯ ಮೇಲೆ ಹಾಳೆ ಇಟ್ಟುಕೊಂಡು. ಈಗಷ್ಟೇ ಗಿರಿಜಾ ಹಾದುಹೋಗುವಾಗ, ನಾನು ಅಷ್ಟು ಹೊತ್ತಿನಿಂದ ಏನು ಬರೆಯುತ್ತಿದ್ದೇನೆ, ಮುಖ ಯಾಕೆ ಹಾಗಿದೆ ಎಂದು ಕೇಳಿದಳು. ನಾನು ಧೈರ್ಯ ಮಾಡಿ 'ಐ ಆಮ್ ವೆರಿ ಹ್ಯಾಪಿ' ಎಂದೆ. ಅನ್ನಬಾರದಿತ್ತು. ಐ ಎಂದ ಮೇಲೆ ಇನ್ನು ಹ್ಯಾಪಿಯೂ ಆಗಲೇಬೇಕು.